ಅವ್ವನ ಗದ್ದೆ ಅಂಗಿ

ಮೈಸೂರು ಕಡೆ ಹೋಗುವಾಗ ಒಂದು ನಿಮಿಷ ಮೊಬೈಲಿಂದ ತಲೆ ಎತ್ತಿ ರಸ್ತೆ ಪಕ್ಕದ ಗದ್ದೆ ನೋಡಿ. ನಾಟಿ ಹಾಕೋ, ಕಳೆ ಕೀಳೋ ಹೆಂಗಸರು ಸೀರೆ ಮೇಲೊಂದು ಗಂಡಸರ ತುಂಬು ತೋಳಿನ ಅಂಗಿ ಹಾಕ್ಕೊಂಡಿರ್ತಾರೆ. ಗಂಡನದೋ ಮಗನದೋ, ಕಾಲರ್ ಸವೆದು ಊರೊಳಗೆ ಹಾಕ್ಕೊಂಡು ಓಡಾಡೋಕೆ ಆಗದ ಅಂಗಿ. ಭತ್ತದ ಗರಿ, ಕಬ್ಬಿನ ಸೋಗೆ ಕೈ ಕೊಯ್ಯಬಾರದು ಅಂತ, ಬಿಸಿಲಿಗೆ ಅಂತ, ಬಗ್ಗಿದಾಗ ಸೆರಗಿನ ಚಿಂತೆ ಇರಬಾರದು ಅಂತ. ಯಾವ ಡಿಸೈನರೂ ಇದನ್ನ ಅವರಿಗೆ ಮಾಡಿಕೊಟ್ಟಿದ್ದಲ್ಲ. ನಮ್ಮವ್ವ ನನ್ನ ಪಿಯುಸಿ ಯೂನಿಫಾರ್ಮಿನ ಅಂಗಿಯನ್ನ ಏಳು ವರ್ಷ ಗದ್ದೆಗೆ ಹಾಕಿದ್ದಾಳೆ.

ಆ ಅಂಗಿಯನ್ನ ಬೆಂಗಳೂರಿನ ಒಂದು ಕಾಲೇಜಿನ ರ‍್ಯಾಂಪ್ ಹತ್ತಿಸಿದವಳು ನನ್ನ ತಂಗಿ.

ನಮ್ಮೂರು ನಂಜನಗೂಡು ತಾಲ್ಲೂಕಿನ ಕಳಲೆ. ಆಫೀಸಲ್ಲಿ ಈ ಹೆಸರು ಹೇಳಿದರೆ ಮಲೆನಾಡಿನವರಿಗೆ ಬಿದಿರಿನ ಕಳಲೆ ಪಲ್ಯ ನೆನಪಾಗುತ್ತೆ. ಮೈಸೂರು ಒಡೆಯರ ದಳವಾಯಿಗಳ ಊರು ಸ್ವಾಮಿ ಅದು ಅಂತ ನಾನೂ ಬಿಡಲ್ಲ. ಬಟ್ಟೆ ವಿಷಯದಲ್ಲಂತೂ ನಮ್ಮ ಸೀಮೆ ಕಮ್ಮಿ ಏನಿಲ್ಲ. ತಿ. ನರಸೀಪುರದಲ್ಲಿ ಕೆಎಸ್‌ಐಸಿಯವರ ರೇಷ್ಮೆ ನೂಲು ತೆಗೆಯೋ ಕಾರ್ಖಾನೆ ಇದೆ. ಆ ನೂಲು 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಮೈಸೂರಿನ ನೇಯ್ಗೆ ಕಾರ್ಖಾನೆಗೆ ಹೋಗಿ ಮೈಸೂರು ಸಿಲ್ಕ್ ಆಗುತ್ತೆ. ಟಿವಿಯಲ್ಲಿ ಅಮಿತಾಬ್ ಬಚ್ಚನ್ ತೊಟ್ಟು ತೋರಿಸುತ್ತಿದ್ದ ರೀಡ್ ಅಂಡ್ ಟೇಲರ್ ಸೂಟಿನ ಬಟ್ಟೆ ತಯಾರಾಗ್ತಿದ್ದದ್ದು ನಮ್ಮ ತಾಂಡವಪುರದಲ್ಲಿ. ಇನ್ನು ಬದನವಾಳಿನಲ್ಲಿ, 1927ರಲ್ಲಿ ಗಾಂಧೀಜಿ ಬಂದು ನೋಡಿಹೋದ ಖಾದಿ ಕೇಂದ್ರ. ಇಷ್ಟೆಲ್ಲ ಸುತ್ತ ಇದ್ದೂ ನಮ್ಮನೆಯಲ್ಲಿ ಹೊಸ ಬಟ್ಟೆ ಅಂದ್ರೆ ವರ್ಷಕ್ಕೆ ಎರಡು ಜೊತೆ. ಯುಗಾದಿಗೊಂದು, ನಂಜನಗೂಡಿನ ದೊಡ್ಡಜಾತ್ರೆಗೊಂದು.

ಆ ಎರಡು ಜೊತೆಯನ್ನೂ ಹೊಲೀತಿದ್ದದ್ದು ಊರಿನ ಟೈಲರಪ್ಪ. ತಂಗಿ ಹೈಸ್ಕೂಲಲ್ಲಿದ್ದಾಗಿಂದ ಸಂಜೆ ಅವನ ಅಂಗಡಿ ಜಗಲಿ ಮೇಲೆ ಕೂತು ಕಾಜಾ ಹೊಲೆಯೋದು, ಹೆಮ್ಮಿಂಗ್ ಮಾಡೋದು, ಗುಂಡಿ ಹಾಕೋದು ಕಲಿತಳು. ಹಾಗಾಗಿ ಪಿಯುಸಿ ಆದಮೇಲೆ ಫ್ಯಾಶನ್ ಡಿಸೈನ್ ಓದ್ತೀನಿ ಅಂದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಟೈಲರಪ್ಪ ಕಾಸಿಲ್ದೆ ಕಲುಸ್ತಾವ್ನೆ. ಅದ್ನೇ ಕಲಿಯಕೆ ಲಕ್ಷ ಕೊಟ್ಟು ಬೆಂಗ್ಳೂರಿಗೆ ಯಾಕವ್ವ ಹೋಗ್ಬೇಕು?" ಲಾಜಿಕ್ ಸರಿಯಾಗೇ ಇತ್ತು. ಬೆಂಗಳೂರಲ್ಲಿ 1997ರಿಂದ ನಿಫ್ಟ್ ಇದೆ, ಕೇಂದ್ರದ ಜವಳಿ ಸಚಿವಾಲಯದ್ದು, ಅದರ ಪ್ರವೇಶ ಪರೀಕ್ಷೆ ಬರೆದಳು, ಸೀಟು ಸಿಗಲಿಲ್ಲ. ಕೊನೆಗೆ ಒಂದು ಖಾಸಗಿ ಕಾಲೇಜಿನಲ್ಲಿ ಬಿಎಸ್ಸಿಗೆ ಸೇರಿಸಿದೆ. ಫೀಸು ನನ್ನ ಸಂಬಳದಿಂದ, ವಾಸ ನನ್ನ ಒಂದು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ. ಮೂರು ವರ್ಷ ನಮ್ಮ ಹಾಲ್‌ನಲ್ಲಿ ಬರಿಗಾಲಲ್ಲಿ ನಡೆದವರು ಯಾರೂ ಗುಂಡುಪಿನ್ ಚುಚ್ಚಿಸಿಕೊಳ್ಳದೆ ಹೋಗಿಲ್ಲ.

ಅಪ್ಪನ ಪ್ರಶ್ನೆಗೆ ಉತ್ತರ ನನಗೂ ಗೊತ್ತಾಗಿದ್ದು ಅವಳ ಹೋಂವರ್ಕ್ ನೋಡಿಯೇ. ಟೈಲರಪ್ಪ ಅಳತೆ ತಗೊಂಡು, ಚಾಕಿನಲ್ಲಿ ಸೀದಾ ಬಟ್ಟೆ ಮೇಲೇ ಗೀಟು ಎಳೆದು ಕತ್ತರಿ ಹಾಕ್ತಾನೆ. ಲೆಕ್ಕವೆಲ್ಲ ಅವನ ತಲೆಯಲ್ಲಿ. ನಮ್ಮ ಭಾಷೇಲಿ ಹೇಳೋದಾದ್ರೆ ಡೈರೆಕ್ಟ್ ಪ್ರೊಡಕ್ಷನ್ ಸರ್ವರ್ ಮೇಲೆ ಕೋಡ್ ಬರೆಯೋ ಸೀನಿಯರ್. ಕಾಲೇಜಿನಲ್ಲಿ ಮೊದಲು ಕಾಗದದ ಮೇಲೆ ಪ್ಯಾಟರ್ನ್. ಮೈಗೆ ಅಂಟುವ ಬೇಸಿಕ್ ಬ್ಲಾಕ್ ಒಂದನ್ನ ಬಿಡಿಸಿಕೊಂಡು, ಅದರಲ್ಲಿರೋ ಡಾರ್ಟನ್ನ ಭುಜಕ್ಕೋ ಕಂಕುಳಿಗೋ ಸೊಂಟಕ್ಕೋ ಸರಿಸಿ ಬೇರೆ ಬೇರೆ ಉಡುಪು ಹುಟ್ಟಿಸೋದು. ಆಮೇಲೆ ಅಗ್ಗದ ಕೋರಾ ಬಟ್ಟೆಯಲ್ಲಿ ಒಂದು ಸಲ ಹೊಲಿದು, ಬೊಂಬೆಗೆ ತೊಡಿಸಿ, ಎಲ್ಲಿ ಎಳೀತಿದೆ ಎಲ್ಲಿ ಜೋತಾಡ್ತಿದೆ ನೋಡಿ, ಪ್ಯಾಟರ್ನ್ ತಿದ್ದಿ, ಆಮೇಲೇ ಅಸಲಿ ಬಟ್ಟೆಗೆ ಕತ್ತರಿ. ಹಾಸಿನ ನೂಲಿನ ಉದ್ದಕ್ಕೆ ಕತ್ತರಿಸಿದರೆ ಬಟ್ಟೆ ನೆಟ್ಟಗೆ ನಿಲ್ಲುತ್ತೆ, ಅದೇ ಬಟ್ಟೆಯನ್ನ ಓರೆಯಾಗಿ ಕತ್ತರಿಸಿದರೆ ಹಿಗ್ಗಿ ಮೈಮೇಲೆ ಇಳಿಯುತ್ತೆ. ಪ್ಯಾಟರ್ನ್ ಇದ್ದರೆ ಒಂದು ಅಂಗಿಯನ್ನ ಐದು ಸೈಜಿಗೆ ಹಿಗ್ಗಿಸಬಹುದು. ಟೈಲರಪ್ಪನ ತಲೆಯಲ್ಲಿರೋದು ಅವನ ಜೊತೇಲೇ ಹೋಗುತ್ತೆ. ಒಂದು ಯುಗಾದಿಗೆ ತಂಗಿ ಊರಿಗೆ ಹೋದಾಗ ಅವನಿಗೆ ಫ್ರೆಂಚ್ ಕರ್ವ್ ಸ್ಕೇಲ್ ತೋರಿಸಿದಳು. ತಿರುಗಿಸಿ ಮುರುಗಿಸಿ ನೋಡಿ, "ಇದು ನನ್ನ ಹೆಬ್ಬೆಟ್ಟು ಕನವ್ವ" ಅಂದನಂತೆ. ಕಂಕುಳ ಗುಂಡಿಯನ್ನ ಅವನು ಹೆಬ್ಬೆಟ್ಟು ಊರಿಕೊಂಡೇ ಬಿಡಿಸೋದು.

ಕೊನೇ ಸೆಮಿಸ್ಟರಲ್ಲಿ ಪ್ರತಿಯೊಬ್ಬರೂ ಆರು ಉಡುಪಿನ ಕಲೆಕ್ಷನ್ ಮಾಡಿ ಫ್ಯಾಶನ್ ಶೋನಲ್ಲಿ ತೋರಿಸಬೇಕು. ಥೀಮ್ ಆರಿಸಿಕೊಳ್ಳೋದೇ ಒಂದು ತಿಂಗಳ ಗಲಾಟೆ. ಕ್ಲಾಸಿನವರು ನವಿಲು, ಹಂಪಿ, ಸಮುದ್ರ, ಪ್ಯಾರಿಸ್ ಅಂತ ಹಂಚಿಕೊಂಡರು. ಇವಳದು ಮೈಸೂರು ಕಡೆ ಅಂತ ಗೈಡ್ ಮೇಡಂ ರೇಷ್ಮೆ ತಗೋ ಅಂದ್ರು. ಒಳ್ಳೆ ಸಲಹೆಯೇ, ಸ್ಟೇಜ್ ಲೈಟಿಗೆ ಹೊಳೆಯುತ್ತೆ. ಇವಳು ಮೂಡ್ ಬೋರ್ಡ್ ಮೇಲೆ ಅಂಟಿಸಿಕೊಂಡು ಹೋಗಿದ್ದು ನಮ್ಮವ್ವ ಮತ್ತು ಪಕ್ಕದ ಮನೆ ಅಕ್ಕಂದಿರು ಗದ್ದೆಯಲ್ಲಿ ಸಾಲಾಗಿ ಬಗ್ಗಿ ನಿಂತಿದ್ದ ಫೋಟೋ. ಹೆಸರು, "ಗೇಯ್ಮೆ". ಮೇಡಂ ಬಹಳ ಹೊತ್ತು ನೋಡಿ, "ಇದರಲ್ಲಿ ಡಿಸೈನ್ ಎಲ್ಲಿದೆ?" ಅಂದ್ರಂತೆ.

ಇವಳು ಜೀನ್ಸ್ ಪ್ಯಾಂಟಿನ ಕಥೆ ಹೇಳಿದಳು. ಅಮೆರಿಕದಲ್ಲಿ ಕೂಲಿಯವರ ಪ್ಯಾಂಟಿನ ಜೇಬು ಪದೇಪದೇ ಹರಿಯುತ್ತೆ ಅಂತ ಜೇಕಬ್ ಡೇವಿಸ್ ಅನ್ನೋ ದರ್ಜಿ ಮೂಲೆಗೆ ತಾಮ್ರದ ರಿವೆಟ್ ಬಡಿದ. ಬಟ್ಟೆ ವ್ಯಾಪಾರಿ ಲೆವಿ ಸ್ಟ್ರಾಸ್ ಜೊತೆ ಸೇರಿ 1873ರಲ್ಲಿ ಅದಕ್ಕೆ ಪೇಟೆಂಟ್ ತಗೊಂಡ. ಇವತ್ತು ನಾವು ಶುಕ್ರವಾರ ಆಫೀಸಿಗೆ ಹಾಕ್ಕೊಂಡು ಹೋಗ್ತೀವಿ. ಗೇಯೋರ ಬಟ್ಟೆ ಫ್ಯಾಶನ್ ಆಗೋದು ಹೊಸದೇನಲ್ಲ ಮೇಡಂ ಅಂದಳು. ಮೂರು ವರ್ಷದ ಹಿಂದೆ ಕ್ಲಾಸಲ್ಲಿ ಇಂಗ್ಲಿಷಲ್ಲಿ ಹೆಸರು ಹೇಳೋಕೂ ನಡುಗುತ್ತಿದ್ದ ಹುಡುಗಿ ಇದನ್ನೆಲ್ಲ ಅರ್ಧ ಇಂಗ್ಲಿಷ್ ಅರ್ಧ ಕನ್ನಡದಲ್ಲಿ ಹೇಳಿ ಒಪ್ಪಿಸಿಬಂದಳು.

ಬಟ್ಟೆಗೆ ಬದನವಾಳಿಗೆ ಹೋದ್ವಿ. ನಂಜನಗೂಡಿನಿಂದ ಚಾಮರಾಜನಗರದ ರೈಲು ಹಳಿ ಪಕ್ಕದ ಊರು. ಹಳೇ ಕಟ್ಟಡ, ನೂಲುವ ಹೆಂಗಸರು. ಕೈನೂಲು ಒಂದೇ ಸಮ ಇರೋದಿಲ್ಲ, ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ಸಣ್ಣ. ಬಟ್ಟೆಯನ್ನ ಬೆಳಕಿಗೆ ಹಿಡಿದರೆ ಗೊತ್ತಾಗುತ್ತೆ. ಮನೆಗೆ ತಂದು ಬಕೀಟಲ್ಲಿ ರಾತ್ರಿಯಿಡೀ ನೆನೆಸಿ, ಒಣಗಿಸಿ, ಟೇಪು ಹಿಡಿದಳು. ಮೀಟರಿಗೆ ಎರಡು ಇಂಚು ಕುಗ್ಗಿತ್ತು. ಹೊಲಿದ ಮೇಲೆ ಕುಗ್ಗಿದ್ದರೆ ಆರಕ್ಕೆ ಆರೂ ತಿಪ್ಪೆಗೆ. ಎಲ್ಲವನ್ನೂ ಎರಡೆರಡು ಸಲ ನೆನೆಸಿ ಒಣಗಿಸಿದ್ವಿ. ನಮ್ಮ ಬಿಲ್ಡಿಂಗ್ ಟೆರೇಸು ಒಂದು ವಾರ ಧೋಬಿಘಾಟ್ ಆಗಿತ್ತು, ಓನರ್ ಆಂಟಿ ಕೈಲಿ ಅನ್ನಿಸಿಕೊಂಡಿದ್ದು ನಾನು.

ಆರೂ ಉಡುಪು ಆ ಅಂಗಿಯಿಂದಲೇ ಹೊರಟಿದ್ದವು. ಒಂದರಲ್ಲಿ ತೋಳು ಮೊಣಕೈ ತನಕ ಮಡಚಿ ಗುಂಡಿ ಹಾಕೋ ಹಾಗೆ. ಒಂದರಲ್ಲಿ ಸೀರೆಯ ಮಡಿಲಿನ ಥರ ಹೊಟ್ಟೆ ಮುಂದೆ ದೊಡ್ಡ ಮಡಿಕೆ, ಸೊಪ್ಪು ಕಿತ್ತು ಹಾಕ್ಕೊಳ್ಳೋಕೆ. ಇನ್ನೊಂದರಲ್ಲಿ ಎಲೆಅಡಿಕೆ ಸಂಚಿಯೇ ಜೇಬು. ಕೊನೆಯದು ಸಾದಾ ಉದ್ದನೆ ಅಂಗಿ, ಆದರೆ ಹೆಂಗಸಿನ ಎದೆ, ಭುಜದ ಲೆಕ್ಕಕ್ಕೆ ಕತ್ತರಿಸಿದ್ದು.

ಆ ಅಂಗಿ ಊರಿನ ಹೆಂಗಸರೇ ಹಾಕ್ಕೊಂಡು ನಡೀಲಿ ಅಂತ ಇವಳ ಆಸೆ. ಪ್ಯಾರಿಸ್ಸಿನಲ್ಲಿ 19ನೇ ಶತಮಾನದಲ್ಲಿ ಚಾರ್ಲ್ಸ್ ಫ್ರೆಡರಿಕ್ ವರ್ತ್ ಜೀವಂತ ಹುಡುಗಿಯರಿಗೆ ಬಟ್ಟೆ ತೊಡಿಸಿ ಗಿರಾಕಿಗಳಿಗೆ ತೋರಿಸೋ ಪದ್ಧತಿ ಹಿಡಿದನಂತೆ, ಅವನ ಹೆಂಡತಿಯೇ ಮೊದಲ ಮಾಡೆಲ್‌ಗಳಲ್ಲಿ ಒಬ್ಬಳು. ಹಾಗಾದ್ರೆ ನಮ್ಮವ್ವ ಯಾಕಾಗಬಾರದು ಅಂತ ಇವಳ ವಾದ. ಕಾಲೇಜು ಒಪ್ಪಲಿಲ್ಲ. ಮಾಡೆಲ್‌ಗಳನ್ನ ಎಲ್ಲರಿಗೂ ಸೇರಿಸಿ ಬುಕ್ ಮಾಡಿಯಾಗಿದೆ, ಕೊರಿಯೋಗ್ರಫಿ ಇದೆ, ಒಬ್ಬರಿಗೆ ಅಂತ ರೂಲ್ಸ್ ಬದಲಾಯಿಸೋಕೆ ಆಗಲ್ಲ. ಐದು ಉಡುಪನ್ನ ಮಾಡೆಲ್ ಅಳತೆಗೆ ಮತ್ತೆ ಕತ್ತರಿಸಿದಳು. ಆರನೆಯದನ್ನ ಮುಟ್ಟಲಿಲ್ಲ. ಅದು ಅವ್ವನ ಅಳತೆಯಲ್ಲೇ ಉಳೀತು.

2018ರ ಏಪ್ರಿಲ್‌ನಲ್ಲಿ ಶೋ. ಅಪ್ಪ ಬರಲಿಲ್ಲ, ಹಸು ಕರು ಹಾಕೋ ದಿನ ಅಂದ. ಅವ್ವ ಒಬ್ಬಳೇ ಬಸ್ಸು ಹತ್ತಿ ಸ್ಯಾಟಲೈಟ್ ಬಸ್ ಸ್ಟ್ಯಾಂಡಿಗೆ ಬಂದಿಳಿದಳು, ಕೈಯಲ್ಲಿ ರಸಬಾಳೆ ಚಿಪ್ಪು. ಆಡಿಟೋರಿಯಮ್ಮಿನಲ್ಲಿ ಮೂರನೇ ಸಾಲು ನಮಗೆ. ಸ್ಪೀಕರ್ ಸದ್ದಿಗೆ ಅವ್ವ ಕಿವಿ ಮುಚ್ಚಿಕೊಂಡೇ ಕೂತಿದ್ದಳು. ಆರು ತಿಂಗಳ ಕೆಲಸ, ನಲವತ್ತು ಸಾವಿರದ ಮೇಲೆ ಖರ್ಚು, ಸ್ಟೇಜ್ ಮೇಲೆ ಸಿಕ್ಕಿದ್ದು ಮೂರು ನಿಮಿಷ. ಐದು ಮಾಡೆಲ್‌ಗಳು ಬಂದು ಹೋದರು. ಆರನೆಯವಳು ಬಂದಾಗ ತೋಳು ಮಣಿಕಟ್ಟಿಗಿಂತ ನಾಲ್ಕು ಬೆರಳು ಮೇಲೇ ನಿಂತಿತ್ತು, ಅವ್ವನಿಗಿಂತ ಅವಳು ಅಷ್ಟು ಎತ್ತರ.

ಕೊನೆಯಲ್ಲಿ ಜಡ್ಜುಗಳ ಪೈಕಿ ಒಬ್ಬರು ಮೈಕಲ್ಲಿ ಕೇಳಿದರು, ಲಾಸ್ಟ್ ಗಾರ್ಮೆಂಟ್ ಫಿಟ್ಟಿಂಗ್ ಬೇಕಂತ ಮಾಡಿದ್ದಾ ಅಂತ. ತಂಗಿ, "ಅದು ಮಾಡೆಲ್‌ಗೆ ಹೊಲಿದಿದ್ದಲ್ಲ ಸರ್. ಅದರ ಅಳತೆಯವರು ಮೂರನೇ ಸಾಲಲ್ಲಿ ಕೂತಿದ್ದಾರೆ" ಅಂದಳು. ಇಡೀ ಆಡಿಟೋರಿಯಂ ತಿರುಗಿ ನೋಡ್ತು. ಚಪ್ಪಾಳೆ. ಅವ್ವ ಸೆರಗು ಎಳಕೊಂಡು ತಲೆ ತಗ್ಗಿಸಿದಳು. ನಾನೂ ಚಪ್ಪಾಳೆ ಹೊಡೀತಿದ್ದವನು ಅವಳ ಮುಖ ನೋಡಿ ನಿಲ್ಲಿಸಿದೆ.

ಬಹುಮಾನ ಸಮುದ್ರದ ಥೀಮಿಗೆ ಹೋಯ್ತು. ಚೆನ್ನಾಗೂ ಇತ್ತು.

ರಾತ್ರಿ ಮನೆಯಲ್ಲಿ ಅವ್ವ ಮಾತಾಡಲಿಲ್ಲ. ಊಟ ಬಡಿಸಿದಳು, ಪಾತ್ರೆ ತೊಳೆದಳು. ತಂಗಿ ಎರಡು ಸಲ ಕೇಳಿದ ಮೇಲೆ ಬಾಯಿ ಬಿಟ್ಟಳು.

"ಆ ಅಂಗಿ ಇಕ್ಕೊಂಡು ನಾನು ನಂಜನಗೂಡು ಸಂತೆಗೂ ಹೋದೋಳಲ್ಲ ಕನವ್ವ. ಗದ್ದೆಯಿಂದ ಬತ್ತಾ ತೂಬಿನ ತಾವೇ ಬಿಚ್ಚಿ ಕಂಕುಳಿಗೆ ಇಟ್ಕೊಂಡು ಊರೊಳಿಕೆ ಬತ್ತಿದ್ದೆ. ನೀನು ಅದ್ನ ಇಕ್ಕಬಾರ್ದು ಅಂತಾನೇ ಓದ್ಸಿದ್ದು. ನೀನು ನೋಡುದ್ರೆ ಅಷ್ಟು ಜನದ ಮುಂದೆ ಅದ್ನೇ ತೋರಿಸ್ದೆ."

ತಂಗಿ ಏನೂ ಹೇಳಲಿಲ್ಲ. ನನಗೆ ಹೇಳೋಕೆ ಬಹಳ ಇತ್ತು. ಶ್ರಮಕ್ಕೆ ಗೌರವ, ಜೀನ್ಸು, ಗಾಂಧಿ, ಎಲ್ಲ ನಾಲಿಗೆ ತುದೀಲೇ ಇತ್ತು. ಆದರೆ ಆ ಗದ್ದೆಯಲ್ಲಿ ಬೆನ್ನು ಬಗ್ಗಿಸಿದ್ದು ಅವಳು, ಫೋಟೋ ತೆಗೆದದ್ದು ನಾವು. ಒಬ್ಬರು ನಾಚಿಕೆಪಟ್ಟು ಕಂಕುಳಲ್ಲಿ ಮುಚ್ಚಿಟ್ಟುಕೊಂಡಿದ್ದನ್ನ ಚೆಂದ ಅಂತ ತೋರಿಸೋಕೆ ಅವರನ್ನ ಕೇಳಬೇಕಾ ಬೇಡವಾ ಅನ್ನೋದು ಯಾವ ಸಿಲಬಸ್ಸಲ್ಲೂ ಇರಲಿಲ್ಲ. ಫೋಟೋ ಬಳಸ್ತೀನಿ ಅಂತ ತಂಗಿ ಅವ್ವನ ಹತ್ತಿರ ಹೇಳಿದ್ದಳು, ಅವ್ವ ಹೂಂ ಅಂದಿದ್ದಳು. ಆ ಹೂಂ ಯಾವುದಕ್ಕೆ ಅಂತ ಇಬ್ಬರಿಗೂ ಗೊತ್ತಿರಲಿಲ್ಲ ಅಷ್ಟೇ.

ಬೆಳಗ್ಗೆ ಎದ್ದು ನೋಡಿದರೆ ಅವ್ವ ಆ ಆರನೇ ಅಂಗಿ ಹಾಕ್ಕೊಂಡು ಹಾಲ್‌ನಲ್ಲಿ ಬಗ್ಗಿ ನೋಡ್ತಿದ್ದಳು, ನಾಟಿ ಹಾಕೋ ಥರ. ತಂಗಿ ಚಾಪೆ ಮೇಲೆ ಪುಸ್ತಕ ಹಿಡಕೊಂಡು ಕೂತಿದ್ದಳು. "ಜೇಬು ಇಲ್ಲಿಟ್ರೆ ಬಗ್ಗುದಾಗ ಎಲೆಅಡ್ಕೆ ಕೆಸ್ರಿಗೆ ಬೀಳ್ತದೆ, ಒಸಿ ಪಕ್ಕಕ್ಕಿಕ್ಕು. ಬಟ್ಟೆ ದಪ್ಪ, ನೆನುದ್ರೆ ಭಾರ ಆಯ್ತದೆ, ಜಲ್ದಿ ಒಣಗಲ್ಲ. ಅದ್ಕೇ ನಾವು ಟೆರಿಕಾಟು ಇಕ್ಕೋದು." ಮೂರು ವರ್ಷದ ಕೋರ್ಸಿನಲ್ಲಿ ಅವಳಿಗೆ ಸಿಕ್ಕ ಬೆಸ್ಟ್ ಫೀಡ್‌ಬ್ಯಾಕ್ ಅದು ಅಂತ ನನ್ನ ಅಭಿಪ್ರಾಯ. ನಾವು ಇದಕ್ಕೆ ಯೂಸರ್ ಟೆಸ್ಟಿಂಗ್ ಅಂತ ಹೆಸರಿಟ್ಟು, ರಿಲೀಸ್ ಆದಮೇಲೆ ಮಾಡ್ತೀವಿ.

ಈಗ ತಂಗಿ ಒಂದು ಗಾರ್ಮೆಂಟ್ ಕಂಪನಿಯ ಸ್ಯಾಂಪ್ಲಿಂಗ್ ವಿಭಾಗದಲ್ಲಿದ್ದಾಳೆ. ವಿದೇಶದ ಬ್ರಾಂಡುಗಳಿಗೆ ಪ್ಯಾಟರ್ನ್ ಮಾಡ್ತಾಳೆ. ಗದ್ದೆ ಅಂಗಿಯನ್ನ ತೆಳು ಬಟ್ಟೆಯಲ್ಲಿ, ಜೇಬು ಪಕ್ಕಕ್ಕೆ ಸರಿಸಿ ಮತ್ತೆ ನಾಲ್ಕು ಹೊಲಿದು ಊರಲ್ಲಿ ಕೊಟ್ಟಳು. ಕಾಸು ಕೊಟ್ಟು ಕೊಳ್ತೀನಿ ಅಂತ ಯಾರೂ ಬಂದಿಲ್ಲ. ಗಂಡನ ಹಳೇ ಅಂಗಿ ಪುಕ್ಕಟೆ ಸಿಗುವಾಗ ನಾನೂರು ರೂಪಾಯಿ ಯಾರು ಕೊಡ್ತಾರೆ? ಪ್ಯಾಟರ್ನ್ ಮಾತ್ರ ಟೈಲರಪ್ಪನ ಅಂಗಡಿ ಗೋಡೆ ಮೇಲೆ ಮೊಳೆಗೆ ನೇತಾಡ್ತಿದೆ.

ಅವ್ವ ಹಾಕ್ಕೊಳ್ತಾಳೆ. ಒಂದೇ ತಕರಾರು, ಗುಂಡಿಯದ್ದು. ಗಂಡಸರ ಅಂಗಿಗೆ ಗುಂಡಿ ಬಲಗಡೆ ಇರುತ್ತೆ, ಹೆಂಗಸರದ್ದಕ್ಕೆ ಎಡಗಡೆ. ತಂಗಿ ಓದಿದ ಪ್ರಕಾರ ಎಡಕ್ಕಿಟ್ಟಿದ್ದಳು. ಇಪ್ಪತ್ತು ವರ್ಷ ಅಪ್ಪನ, ನನ್ನ ಅಂಗಿ ಹಾಕಿದ ಅವ್ವನ ಕೈ ಪ್ರತಿ ಸಲ ತಪ್ಪು ಕಡೆಗೆ ಹೋಗ್ತಿತ್ತು. ಹೋದ ತಿಂಗಳು ಟೈಲರಪ್ಪನಿಗೆ ನಲವತ್ತು ರೂಪಾಯಿ ಕೊಟ್ಟು ಗುಂಡಿ, ಕಾಜಾ ಎಲ್ಲ ಅದಲು ಬದಲು ಮಾಡಿಸಿಕೊಂಡಿದ್ದಾಳೆ.