ರಷ್ಯನ್‌ಗೆ ಮುಂಚೆ ಮಾರಿಕುಪ್ಪಂ

ಪರಿಚಯದವರ ಮಗ ಸೇನೆಗೆ ಅರ್ಜಿ ಹಾಕುವ ಮುಂಚೆ ರಷ್ಯಾದಲ್ಲಿದ್ದು ಭಾಷೆ ಕಲಿತು ಬರುತ್ತಾನಂತೆ. "ಅಲ್ಲೇ ಇದ್ರೆ ತಾನಾಗೇ ಬರುತ್ತೆ ಅಂತಾನೆ. ನೀವೊಂದು ಮಾತು ಹೇಳಿ ಸಾರ್" ಎಂದು ಅವರಪ್ಪ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಹಿಡಿದುಕೊಂಡರು. ಆಗಿನಿಂದ ತಲೆಯಲ್ಲಿ ಅದೇ ಕೊರೆತ.

ಭಾಷೆಯ ಬಗ್ಗೆ ತಕರಾರಿಲ್ಲ. ರಷ್ಯನ್‌ಗೆ ವಿಭಕ್ತಿಗಳು ಆರು. ಮೇಷ್ಟ್ರ ಬೆತ್ತಕ್ಕೆ ಹೆದರಿ ‘ಉ, ಅನ್ನು, ಇಂದ’ ಉರು ಹೊಡೆದವರಿಗೆ ಅದೇನು ಮಹಾ! ತಕರಾರಿರುವುದು ಸರದಿಯ ಬಗ್ಗೆ. 1967ರ ಡಿಸೆಂಬರ್ 8ರಂದು ರೀಗಾದಲ್ಲಿ ನಮ್ಮ ಮೊದಲ ಜಲಾಂತರ್ಗಾಮಿ ಐಎನ್ಎಸ್ ಕಲ್ವರಿಯನ್ನು ವಹಿಸಿಕೊಂಡವರು ನೌಕಾಪಡೆ ಸೇರಿದ ಮೇಲೆಯೇ ಸೋವಿಯತ್ ನೆಲಕ್ಕೆ ಹೋದವರು. 1984ರಲ್ಲಿ ಬಾಹ್ಯಾಕಾಶಕ್ಕೆ ಹಾರಿದ ರಾಕೇಶ್ ಶರ್ಮಾ, ಜೊತೆಗೆ ತಯಾರಾಗಿದ್ದ ರವೀಶ್ ಮಲ್ಹೋತ್ರಾ ಸ್ಟಾರ್ ಸಿಟಿಯಲ್ಲಿ ರಷ್ಯನ್ ಕಲಿತದ್ದು ವಾಯುಪಡೆಯ ಅಧಿಕಾರಿಗಳಾಗಿ. ಗಗನಯಾನದ ನಾಲ್ವರೂ 2020ರಲ್ಲಿ ಹಾಗೆಯೇ ಹೋದರು. ಸಮವಸ್ತ್ರ ಮೊದಲು, ವ್ಯಾಕರಣ ಆಮೇಲೆ. ಈ ಪುಣ್ಯಾತ್ಮ ಅಪ್ಪನ ಪಿ.ಎಫ್. ಹಣದಲ್ಲಿ ಉಲ್ಟಾ ಹೊರಟಿದ್ದಾನೆ.

ಅಷ್ಟಕ್ಕೂ ನಾಲಿಗೆ ಪಳಗಿಸಲು ಮಾಸ್ಕೋ ಯಾಕೆ, ಮಾರಿಕುಪ್ಪಂ ರೈಲು ಹತ್ತಿದರೆ ಸಾಲದೇ? ಚಾಂಪಿಯನ್, ಊರ್ಗಾಂ, ಕೋರಮಂಡಲ್ ದಾಟುವಷ್ಟರಲ್ಲಿ ಮಡಿಲ ಮೇಲೆ ಟವೆಲ್ ಹಾಸಿ ಇಸ್ಪೀಟು ಶುರು. ಎಲೆ ಇಳಿಸುವುದು ತಮಿಳಿನಲ್ಲಿ, ಜಗಳ ತೆಲುಗಿನಲ್ಲಿ, ಲೆಕ್ಕ ಕನ್ನಡದಲ್ಲಿ. ಸೋತವನ ನಿಟ್ಟುಸಿರು ಮಾತ್ರ ಉರ್ದು. ಬಂಗಾರಪೇಟೆಯಲ್ಲಿ ಇಳಿದರೆ ಪಾನಿಪೂರಿಯವನ ಮುಂದೆಯೂ ಇದೇ ಸಂತೆ. ಅವನ ಪಾನಿ ನಲ್ಲಿ ನೀರಿನಂತೆ ತಿಳಿ. ಒಂದು ಪೂರಿ ಬಾಯಿಗಿಟ್ಟರೆ ನೆತ್ತಿಗೇರುತ್ತದೆ. ಆಗ ಬಾಯಿಗೆ ಬರುವುದೇ ನಿಮ್ಮ ಮಾತೃಭಾಷೆ!

ತಮಾಷೆ ಇರಲಿ. ಆರ್ಕಾಟು, ಚಿತ್ತೂರು ಕಡೆಯಿಂದ ಇಲ್ಲಿನ ಕೋಲಾರ ಚಿನ್ನದ ಗಣಿಗೆ ಬಂದವರು ಯಾವ ಕೋರ್ಸೂ ಮಾಡಿರಲಿಲ್ಲ. ಚಾಂಪಿಯನ್ ರೀಫ್‌ನಲ್ಲಿ ನೆಲದಿಂದ ಮೂರು ಕಿಲೋಮೀಟರ್ ಕೆಳಗೆ, ಕಾದ ಬಂಡೆಗಳ ನಡುವೆ ಕೆಲಸ. ಬಂಡೆ ಯಾವಾಗ ಸಿಡಿಯುತ್ತದೋ ಹೇಳುವಂತಿಲ್ಲ. ಪಕ್ಕದವನು ‘ಓಡು’ ಎಂದು ಯಾವ ಭಾಷೆಯಲ್ಲಿ ಕೂಗಿದರೂ ಕಾಲಿಗೆ ಅರ್ಥವಾಗಬೇಕು. ಅನ್ನ, ಜೀವ ಎರಡೂ ಅದರ ಮೇಲೆ ನಿಂತಿದ್ದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅವರ ಮಕ್ಕಳು ಆ ನಾಲ್ಕು ಭಾಷೆಗಳ ಬಂಡವಾಳದಲ್ಲೇ ಬೆಂಗಳೂರಿನ ರೈಲು ಹತ್ತಿದರು. ಹೊಟ್ಟೆಪಾಡು ಕಲಿಸಿದಷ್ಟು ಭಾಷೆಯನ್ನು ಯಾವ ವಿಶ್ವವಿದ್ಯಾಲಯವೂ ಕಲಿಸಿಲ್ಲ.

ಇಷ್ಟನ್ನೂ ಹುಡುಗನಿಗೆ ಹೇಳಿದೆ. ಸಮಾಧಾನವಾಗಿ ಕೇಳಿಸಿಕೊಂಡ.

"ಅಂಕಲ್, ಇಲ್ಲಿ ನಾವು ಸ್ವಲ್ಪ ತಡವರಿಸಿದ್ರೂ ಎದುರಿನವರೇ ನಮ್ಮ ಭಾಷೆಗೆ ಬಂದ್ಬಿಡ್ತಾರೆ. ಅಲ್ಲಿ ಯಾರು ಬರ್ತಾರೆ, ಹೇಳಿ?"