ನೂರರಲ್ಲಿ ಇಪ್ಪತ್ತು ಊರಿನದು

ನಮ್ಮೂರ ಈಶ್ವರನ ಗುಡಿಗೆ ದುಡ್ಡು ಹೇಗೆ ಬಂತು ಎಂದು ಯಾರಾದರೂ ಕೇಳಿದರೆ ನಾನು ಅರಳಿಯ ಬೇರಿನಿಂದಲೇ ಶುರು ಮಾಡುತ್ತೇನೆ. ಯಾವುದೋ ಹಕ್ಕಿ ಉದುರಿಸಿದ ಬೀಜ ಮಾಳಿಗೆಯ ಸಂದಿಯಲ್ಲಿ ಮೊಳೆತು ಗಿಡವಾಗಿತ್ತು. ನಾವು ಹುಡುಗರಾಗಿದ್ದಾಗ ಅದು ತೋಳಿನ ಗಾತ್ರ. ದೇವರ ಗುಡಿಯ ಮೇಲಿನ ಅರಳಿ ಕಡಿಯಬಾರದು ಎಂದು ಹಿರಿಯರು ಹೇಳುತ್ತಿದ್ದರು, ಯಾರೂ ಕಡಿಯಲಿಲ್ಲ. ಬೇರು ಗರ್ಭಗುಡಿಯ ಹಿಂಬದಿಗೆ ಇಳಿದು ಗೋಡೆಯ ಕಲ್ಲುಗಳನ್ನು ಗೇಣುದ್ದ ಹೊರಕ್ಕೆ ನೂಕಿತು. ಮಳೆಗಾಲದಲ್ಲಿ ನವರಂಗದ ಚಾವಣಿಯ ಭುವನೇಶ್ವರಿಯಿಂದ ನೀರು ಸೋರಿ ತಿರುಗಣೆ ಕಂಬಗಳ ಮೇಲೆ ಹಸಿರು ಪಾಚಿ ಕಟ್ಟುತ್ತಿತ್ತು. ಸಾಲದ್ದಕ್ಕೆ ಒಂದು ಅಮಾವಾಸ್ಯೆಯ ರಾತ್ರಿ ನಿಧಿಗಳ್ಳರು ಬಂದು ಲಿಂಗದ ಪೀಠದ ಪಕ್ಕ ಆಳುದ್ದ ಗುಂಡಿ ತೋಡಿದರು. ಅವರಿಗೆ ಸಿಕ್ಕಿದ್ದು ಮಣ್ಣು. ನಮಗೆ ಉಳಿದದ್ದು ಒಂದು ಕಡೆಗೆ ವಾಲಿದ ಪೀಠ.

ಬೇಲೂರು, ಹಳೇಬೀಡು ನೋಡಲು ದೇಶವೇ ಬರುತ್ತದೆ. ಅದೇ ಹಾಸನ ಜಿಲ್ಲೆಯಲ್ಲಿ ಬಸ್ಸಿನ ದಾರಿ ಬಿಟ್ಟು ಒಳಗೆ ನಡೆದರೆ ಅದೇ ಕಾಲದ, ಅದೇ ಬಳಪದ ಕಲ್ಲಿನ ಚಿಕ್ಕ ಗುಡಿಗಳು ಎಷ್ಟೋ ಊರುಗಳಲ್ಲಿವೆ. ದೊಡ್ಡ ಸ್ಮಾರಕಗಳಿಗೆ 1958ರ ಕೇಂದ್ರ ಕಾಯ್ದೆಯ ರಕ್ಷಣೆ ಇದೆ. ಇನ್ನು ಕೆಲವಕ್ಕೆ 1961ರ ರಾಜ್ಯ ಕಾಯ್ದೆಯದು. ನಮ್ಮ ಗುಡಿ ಎರಡು ಪಟ್ಟಿಯಲ್ಲೂ ಇರಲಿಲ್ಲ. ಮುಜರಾಯಿ ಲೆಕ್ಕದಲ್ಲಿ ಪೂಜೆಗೆಂದು ವರ್ಷಕ್ಕೊಮ್ಮೆ ಸಣ್ಣ ತಸ್ತೀಕು ಬರುತ್ತಿತ್ತು, ಅದು ಎಣ್ಣೆ ಬತ್ತಿಗೂ ಸಾಲದು. ಗೋಡೆ ನಿಲ್ಲಿಸುವ ದುಡ್ಡು ಯಾವ ಲೆಕ್ಕದಲ್ಲೂ ಇರಲಿಲ್ಲ.

ಈ ಶತಮಾನದ ಮೊದಲ ವರ್ಷಗಳ ಮಾತು. ಬೆಂಗಳೂರಿನಲ್ಲಿ ವ್ಯವಹಾರ ಮಾಡಿ ಚೆನ್ನಾಗಿ ಬೆಳೆದ ನಮ್ಮೂರಿನವರೊಬ್ಬರು ಹಬ್ಬಕ್ಕೆ ಬಂದಾಗ ಹೇಳಿದರು: ‘ಇದನ್ನ ಪೂರ್ತಿ ತೆಗೆದುಬಿಡಿ. ಆರ್‌ಸಿಸಿ ಹಾಕಿ, ಗ್ರಾನೈಟ್ ಹಾಸಿ, ಮುಂದೆ ಗೋಪುರ ಎಬ್ಬಿಸೋಣ. ಖರ್ಚೆಲ್ಲ ನಂದು.’ ಅವರ ಭಕ್ತಿಯಲ್ಲಿ ಕೊರತೆ ಇರಲಿಲ್ಲ. ಹಾಳು ಬಿದ್ದ ಗುಡಿ ಊರಿಗೆ ಶ್ರೇಯಸ್ಸಲ್ಲ ಎಂಬುದು ಅವರ ನಂಬಿಕೆ. ಊರಿನ ಅರ್ಧ ಜನ ಒಪ್ಪಿಯೂಬಿಟ್ಟರು. ಸೋರುವ ಗುಡಿಯೊಳಗೆ ಕೊಡೆ ಹಿಡಿದು ಮಂಗಳಾರತಿ ಮಾಡಿದವರಿಗೆ ಹೊಸ ಮಾಡಿನ ಆಸೆ ಬಂದರೆ ತಪ್ಪು ಹೇಳಲಾದೀತೆ?

ನಿವೃತ್ತರಾಗಿ ಊರು ಸೇರಿದ್ದ ನಮ್ಮ ಮೇಷ್ಟ್ರು ಮಾತ್ರ ‘ಒಂದು ವಾರ ತಡೀರಪ್ಪ’ ಎಂದರು. ಹಾಸನಕ್ಕೆ ಹೋಗಿ ಎಪಿಗ್ರಾಫಿಯಾ ಕರ್ನಾಟಿಕಾದ ಐದನೇ ಸಂಪುಟ ಹುಡುಕಿದರು. ಬಿ. ಎಲ್. ರೈಸ್ 1902ರಲ್ಲಿ ಹೊರತಂದ ಹಾಸನ ಜಿಲ್ಲೆಯ ಶಾಸನಗಳ ಸಂಪುಟ ಅದು. ನಮ್ಮ ಗುಡಿಯ ಬಾಗಿಲ ಬಲಕ್ಕೆ ನಿಂತ ಕಲ್ಲಿನ ಪಾಠ ಅದರಲ್ಲಿತ್ತು. ಮರುವಾರ ಅರಳಿಕಟ್ಟೆಯ ಮೇಲೆ ಊರು ಸೇರಿದಾಗ ಮೇಷ್ಟ್ರು ಅದನ್ನು ಓದಿ ಅರ್ಥ ಹೇಳಿದರು. ಕೆರೆಯ ಕೆಳಗಿನ ಇಷ್ಟು ಸಲಗೆ ಗದ್ದೆಯನ್ನು ದೇವರ ನೈವೇದ್ಯಕ್ಕೆ, ನಂದಾದೀವಿಗೆಗೆ ಮತ್ತು ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಬಿಟ್ಟಿದ್ದೇವೆ ಎಂದು ಅದರಲ್ಲಿತ್ತು. ಎಂದರೆ ಒಡೆದದ್ದು, ಬಿರುಕು ಬಿಟ್ಟದ್ದು ಏನಿದ್ದರೂ ಆ ಗದ್ದೆಯ ಹುಟ್ಟುವಳಿಯಿಂದ ಸರಿಮಾಡಬೇಕು.

ನಮ್ಮೂರಿಗೆ ಮಾತ್ರ ಇದ್ದ ಏರ್ಪಾಡಲ್ಲ ಇದು. ಕರ್ನಾಟಕದ ಗುಡಿ, ಬಸದಿಗಳ ದಾನಶಾಸನಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ. ಕಟ್ಟಿಸಿದವರಿಗೆ ಕಲ್ಲೂ ಸವೆಯುತ್ತದೆ ಎಂದು ಗೊತ್ತಿತ್ತು. ಅದಕ್ಕೇ ಕಟ್ಟುವ ದಿನವೇ ರಿಪೇರಿಯ ದುಡ್ಡನ್ನೂ ತೆಗೆದಿಟ್ಟರು. ದಾನ ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಪಾಡುವುದು ಹೆಚ್ಚಿನ ಪುಣ್ಯ ಎಂದು ಕೊನೆಯಲ್ಲಿ ಬರೆಸಿದರು. ಅದನ್ನು ಅಳಿಸಿದವರಿಗೆ ಕವಿಲೆಯನ್ನು ಕೊಂದ ಪಾಪ ಎಂದು ಹೆದರಿಸಿಯೂ ಇಟ್ಟರು.

‘ಆ ಗದ್ದೆ ಈಗ ಎಲ್ಲಿ ಮೇಷ್ಟ್ರೇ?’ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು. ಎಲ್ಲರಿಗೂ ಗೊತ್ತಿದ್ದ ಉತ್ತರವೇ. 1955ರ ಧಾರ್ಮಿಕ ಇನಾಂ ರದ್ದತಿ ಕಾಯ್ದೆ ಬಂದ ಮೇಲೆ ದೇವರ ಜಮೀನು ಸರ್ಕಾರದ ಮೂಲಕ ಉಳುವವರ ಕೈಗೆ ಹೋಯಿತು. ದೇವರಿಗೆ ತಸ್ತೀಕು ಗೊತ್ತಾಯಿತು. ಉಳುವವನಿಗೆ ನೆಲ ಸಿಕ್ಕಿದ್ದು ನ್ಯಾಯ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ ನೆಲದ ಜೊತೆ ಅಂಟಿಕೊಂಡಿದ್ದ ಒಂದು ಕೆಲಸವೂ ಇತ್ತು. ಮಾಳಿಗೆಯ ಗಿಡ ಕೀಳುವುದು, ಸಂದಿಗೆ ಗಾರೆ ತುಂಬುವುದು. ಅದನ್ನು ಯಾರ ಹೆಸರಿಗೂ ಖಾತೆ ಮಾಡಲಿಲ್ಲ. ಅರಳಿ ಬೇರು ಬಿಟ್ಟದ್ದು ಆ ಖಾಲಿ ಜಾಗದಲ್ಲಿ.

ಧರ್ಮಸ್ಥಳದ ಟ್ರಸ್ಟಿನ ಹೆಸರು ಆ ಸಭೆಯಲ್ಲೇ ಬಂತು. ಡಾ. ಡಿ. ವೀರೇಂದ್ರ ಹೆಗ್ಗಡೆಯವರು 1991ರಲ್ಲಿ ಆರಂಭಿಸಿದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ಹಳೆಯ ಗುಡಿಗಳನ್ನು ಮೂಲ ರೂಪದಲ್ಲೇ ಎತ್ತಿ ನಿಲ್ಲಿಸುತ್ತದೆ ಎಂದು ಪಕ್ಕದ ತಾಲ್ಲೂಕಿನಿಂದ ಹೆಣ್ಣು ತಂದವರೊಬ್ಬರು ಕಣ್ಣಾರೆ ನೋಡಿ ಬಂದಿದ್ದರು. ಖರ್ಚಿನ ಹಂಚಿಕೆಯನ್ನೂ ಅವರೇ ಹೇಳಿದರು: ನೂರರಲ್ಲಿ 40 ಸರ್ಕಾರದ್ದು, 40 ಟ್ರಸ್ಟಿನದು, ಉಳಿದ 20 ಊರಿನದು. ಇಂದಿಗೆ ಆ ಟ್ರಸ್ಟ್ ನಾಡಿನಲ್ಲಿ ಜೀರ್ಣೋದ್ಧಾರ ಮಾಡಿದ ಗುಡಿಗಳು 200 ದಾಟಿವೆ. ಆಗ ನಮಗೆ ಅದೆಲ್ಲ ಗೊತ್ತಿರಲಿಲ್ಲ. ಕಾಡಿದ್ದು ಒಂದೇ ಪ್ರಶ್ನೆ. ಒಂದು ಕಡೆ ನೂರಕ್ಕೆ ನೂರು ಕೊಡುತ್ತೇನೆ ಎನ್ನುವ ನಮ್ಮೂರ ಮಗ. ಇನ್ನೊಂದು ಕಡೆ ನಮ್ಮ ಕೈಯಿಂದಲೂ ಇಪ್ಪತ್ತು ಹಾಕಬೇಕಾದ, ಅರ್ಜಿ, ಫೋಟೊ, ನಕ್ಷೆ, ಎಸ್ಟಿಮೇಟು ಎಂದು ಓಡಾಡಿಸುವ ಅನುದಾನ. ಅದಕ್ಕೂ ಷರತ್ತುಗಳು ಬೇರೆ: ಎಣ್ಣೆಬಣ್ಣ ಬಳಿಯಬಾರದು, ಟೈಲ್ಸ್ ಹಾಸಬಾರದು, ಸಿಮೆಂಟಿನ ಗೋಪುರ ಕೂಡದು.

ತೀರ್ಮಾನ ಮಾಡಿದ್ದು ಪಟೇಲರೂ ಅಲ್ಲ, ಮೇಷ್ಟ್ರೂ ಅಲ್ಲ. ಗುಡಿ ಬೀದಿಯ ಅಜ್ಜಿಯೊಬ್ಬರು ಎದ್ದು ನಿಂತರು. ಗಂಡ ತೀರಿಕೊಂಡ ಮೇಲೆ ಎರಡು ಹಸು ಕಟ್ಟಿಕೊಂಡು ಮಕ್ಕಳನ್ನು ಸಾಕಿದವರು. ‘ಅಲ್ಲ ಕಣ್ರಪ್ಪ, ಬೆಂಗ್ಳೂರಪ್ಪ ಎಲ್ಲಾನೂ ಕಟ್ಸಿದ್ರೆ ನಾಳೆ ಸೋರಿದಾಗ ಯಾರ್ನ ಕೇಳೋದು? ಅವನನ್ನೇ ತಾನೆ? ಅವನಿರೋ ತನಕ ಸರಿ. ಆಮೇಲೆ? ನಾನಂತೂ ನನ್ನ ಬಟವಾಡೇಲಿ ಹಿಡ್ಕೊಳ್ಳಿ ಅಂತೀನಿ.’

ಡೈರಿಯ ಬಟವಾಡೆ. ಆ ಒಂದು ಮಾತು ದಾರಿ ತೋರಿಸಿತು. ಆ ವರ್ಷ ಆಲೂಗಡ್ಡೆಗೆ ಅಂಗಮಾರಿ ಬಿದ್ದು ಹೊಲ ಹೊಲವೇ ಕಪ್ಪಾಗಿತ್ತು, ಯಾರ ಕೈಯಲ್ಲೂ ಇಡಿಗಂಟು ಇರಲಿಲ್ಲ. ಆದರೆ ಹಾಲು ದಿನಾ ಹಾಕುತ್ತಿದ್ದೆವು. ಒಪ್ಪಿದವರ ಬಟವಾಡೆಯಲ್ಲಿ ಲೀಟರಿಗೆ ನಾಲ್ಕಾಣೆ ಹಿಡಿದು ಗುಡಿಯ ಖಾತೆಗೆ ಕಟ್ಟುವುದು ಎಂದಾಯಿತು. ಹಸು ಇಲ್ಲದವರು ತೆಂಗಿನಕಾಯಿ ಕೊಟ್ಟರು, ರಾಗಿ ಅಳೆದರು, ಕೂಲಿ ಬಿಟ್ಟು ಕೆಲಸಕ್ಕೆ ಬರುತ್ತೇವೆಂದು ಹೆಸರು ಬರೆಸಿದರು. ಬೆಂಗಳೂರಿನವರನ್ನೂ ಬಿಡಲಿಲ್ಲ. ‘ಎಲ್ಲರ ಹಾಗೆ ನೀವೂ ವಂತಿಗೆ ಹಾಕಿ’ ಎಂದು ಪಟೇಲರು ಫೋನಿನಲ್ಲಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ‘ಆಗಲಿ ಗೌಡ್ರೇ’ ಎಂದರು.

ವಂತಿಗೆಯ ಪುಸ್ತಕ ಹಿಡಿದು ಕೇರಿಗೆ ಹೋದವರಲ್ಲಿ ನಾನೂ ಒಬ್ಬ. ಅಲ್ಲಿನ ಹಿರಿಯರೊಬ್ಬರು ಚಾಪೆ ಹಾಸಿ ಕೂರಿಸಿ ಮಾತಾಡಿದರು. ‘ದುಡ್ಡು ಕೊಡ್ತೀವಿ ಸ್ವಾಮಿ. ಆ ಗುಡಿಗೆ ಕಲ್ಲು ಎಳೆದವರಲ್ಲಿ ನಮ್ಮ ಹಿರೀಕರೂ ಇದ್ದಾರು. ಆದ್ರೆ ಪುಸ್ತಕದಲ್ಲಿ ಎಲ್ಲರ ಸಾಲಲ್ಲೇ ನಮ್ಮ ಹೆಸರು ಬರೀಬೇಕು. ಪೂಜೆ ದಿನ ನಾವೂ ಒಳಗೆ ಬರ್ತೀವಿ.’ ಕಾನೂನು ಆ ಹಕ್ಕನ್ನು ಯಾವಾಗಲೋ ಕೊಟ್ಟಿತ್ತು. ನಮ್ಮೂರು ಕೊಟ್ಟಿರಲಿಲ್ಲ. ಮರುದಿನದ ಸಭೆ ಬಹಳ ಹೊತ್ತು ನಡೆಯಿತು, ದನಿಗಳು ಏರಿದವು. ಕೊನೆಗೆ ಅರ್ಚಕರೇ ‘ಕಲ್ಲು ಎತ್ತೋಕೆ ಬೇಕಾದ ಕೈ ಕಾಯಿ ಒಡೆಸೋಕೆ ಬೇಡವಾ?’ ಎಂದು ಕೇಳಿದರು. ಪುಸ್ತಕದಲ್ಲಿ ಹೆಸರುಗಳು ಒಂದೇ ಸಾಲಿನಲ್ಲಿ ಬಂದವು.

ಅರ್ಜಿ ಹೋಯಿತು. ಎಂಜಿನಿಯರು ಬಂದು ಗುಡಿಯನ್ನು ಮೂಲೆ ಮೂಲೆಯೂ ಅಳೆದರು. ಅವರು ಹೇಳಿದ ಒಂದು ವಿಷಯ ನನ್ನ ಮನಸ್ಸಿನಲ್ಲಿ ನಿಂತಿದೆ. ಹಳೆಯ ಕಲ್ಲಿನ ಸಂದಿಗೆ ಸಿಮೆಂಟು ಮೆತ್ತಿದರೆ ಒಳಗೆ ಹೋದ ನೀರು ಹೊರಗೆ ಬರಲು ದಾರಿಯಿರುವುದಿಲ್ಲ. ಅದು ಕಲ್ಲಿನಲ್ಲೇ ಕೂತು ಉಪ್ಪು ಹೊರಹಾಕುತ್ತದೆ, ಬಳಪದ ಕಲ್ಲು ಹಪ್ಪಳದಂತೆ ಪದರ ಪದರವಾಗಿ ಏಳುತ್ತದೆ. ಸುಣ್ಣದ ಗಾರೆ ನೀರು ಕುಡಿದರೂ ಮತ್ತೆ ಆರುತ್ತದೆ. ಹಿಂದೆ ಯಾರೋ ರಿಪೇರಿಗೆಂದು ಬಡಿದಿದ್ದ ಕಬ್ಬಿಣದ ಪಟ್ಟಿ ತುಕ್ಕು ಹಿಡಿದು ಉಬ್ಬಿ ತೊಲೆಯನ್ನೇ ಸೀಳಿದ್ದನ್ನು ಬೆರಳಿಟ್ಟು ತೋರಿಸಿದರು. ಷರತ್ತುಗಳ ಬಗ್ಗೆ ಗೊಣಗುತ್ತಿದ್ದವರು ಆ ಸೀಳನ್ನು ಮುಟ್ಟಿ ನೋಡಿದ ಮೇಲೆ ಗೊಣಗಲಿಲ್ಲ.

ಕೆಲಸ ಶುರುವಾದದ್ದು ಸುಗ್ಗಿ ಮುಗಿದ ಮೇಲೆ. ಮೊದಲು ಪ್ರತಿ ಕಲ್ಲಿಗೂ ಬಣ್ಣದಲ್ಲಿ ಗುರುತು: ಯಾವ ದಿಕ್ಕು, ಎಷ್ಟನೇ ವರಸೆ, ಎಷ್ಟನೇ ಕಲ್ಲು. ಅದೇ ಗುರುತು ನಕ್ಷೆಯಲ್ಲೂ. ಆಮೇಲೆ ಮೂರುಕಾಲಿನ ಕಂಬ ನೆಟ್ಟು, ಚೈನ್ ಪುಲ್ಲಿ ಕಟ್ಟಿ, ಕಲ್ಲುಗಳ ಅಂಚು ಒಡೆಯದಂತೆ ಗೋಣಿತಾಟು ಸುತ್ತಿ ಒಂದೊಂದಾಗಿ ಇಳಿಸಿದರು. ಪಕ್ಕದ ಬೀಳುಹೊಲದಲ್ಲಿ ಗುಡಿ ಪೂರ್ತಿ ಮಲಗಿತು. ಮೇಲಿದ್ದಾಗ ಕತ್ತಲಲ್ಲಿ ಯಾರ ಕಣ್ಣಿಗೂ ಬೀಳದ ಭುವನೇಶ್ವರಿಯ ಕಲ್ಲು ಅಂದು ಬಿಸಿಲಲ್ಲಿ ಅಂಗಾತವಾಗಿತ್ತು. ನಡುವೆ ಇಳಿಬಿದ್ದ ಕಮಲದ ಮೊಗ್ಗು, ಸುತ್ತ ದಿಕ್ಪಾಲಕರು, ಆನೆಯ ಮೇಲೆ ಕುಳಿತ ಇಂದ್ರನ ಕೈಬೆರಳಿನ ಉಗುರು ಕೂಡ ಎದ್ದು ಕಾಣುತ್ತಿತ್ತು. ಊರಿನ ಮಕ್ಕಳು ಬೆರಳಿಂದ ಸವರಿ ನೋಡಿದರು. ಅಷ್ಟು ಎತ್ತರದಲ್ಲಿ ಯಾರೂ ನೋಡದ ಉಗುರನ್ನು ಕೆತ್ತಿದವನ ಶ್ರದ್ಧೆಗೆ ನಾವು ಎಷ್ಟು ಸಾಲಗಾರರು ಎಂದು ಆ ದಿನ ನನಗೆ ತಿಳಿಯಿತು.

ಬುನಾದಿ ಬಗೆದಾಗ ಕಾಯಿಲೆಯ ಮೂಲ ಸಿಕ್ಕಿತು. ಸುತ್ತ ಮಣ್ಣು ಏರಿ ಜಗತಿ ಹೂತುಹೋಗಿತ್ತು, ಮಾಡಿನ ನೀರೆಲ್ಲ ಅಡಿಪಾಯಕ್ಕೇ ಇಳಿಯುತ್ತಿತ್ತು. ಮಣ್ಣು ತೆಗೆದು ಚರಂಡಿ ಮಾಡಿದರು, ಕಳ್ಳರ ಗುಂಡಿ ತುಂಬಿ ದಿಮ್ಮಸು ಹಾಕಿದರು. ಗಾರೆಗೆ ಸುಣ್ಣ ಕೊಳೆಹಾಕಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಬೆರೆಸಿ ಅರೆಯುವಾಗ ಊರಿನ ಹೆಂಗಸರೂ ಕೈಹಾಕಿದರು. ಆ ಹುಳಿಬೆಲ್ಲದ ವಾಸನೆ ಬೀದಿಗೆಲ್ಲ ಹರಡಿರುತ್ತಿತ್ತು. ನಡುವೆ ಸರ್ಕಾರದ ಕಂತು ತಡವಾಗಿ ಕೆಲಸ ನಿಂತಿತು. ಬೀಳಿನಲ್ಲಿ ಮಲಗಿದ್ದ ಕಲ್ಲುಗಳನ್ನು ಕಾಯಲು ಮನೆಗೊಬ್ಬರಂತೆ ಸರದಿ ಹಾಕಿಕೊಂಡೆವು. ಯಾರೂ ಸರದಿ ತಪ್ಪಿಸಲಿಲ್ಲ. ಲೀಟರಿಗೆ ನಾಲ್ಕಾಣೆ ಹಾಕಿದವನಿಗೆ ಒಂದೊಂದು ಕಲ್ಲಿನಲ್ಲೂ ತನ್ನ ಹಸುವಿನ ಹಾಲು ಕಾಣುತ್ತಿತ್ತು. ಅನುದಾನ ಪೂರ್ತಿಯಾಗಿ ಹೊರಗಿನಿಂದಲೇ ಬಂದಿದ್ದರೆ ಆ ತಿಂಗಳುಗಳಲ್ಲಿ ಎಷ್ಟು ಕಲ್ಲು ಉಳಿಯುತ್ತಿದ್ದವೋ ಹೇಳಲಾರೆ.

ಗುಡಿ ಎದ್ದಿತು. ಪ್ರತಿಷ್ಠೆಯ ದಿನ ಕೇರಿಯ ಹಿರಿಯರು ಮನೆಯವರನ್ನು ಕರೆದುಕೊಂಡು ನವರಂಗಕ್ಕೆ ಬಂದರು, ಅರ್ಚಕರು ಹೆಸರು ಕೂಗಿ ಪ್ರಸಾದ ಕೊಟ್ಟರು. ಬೆಂಗಳೂರಿನವರು ಒಂದು ಕಂಬಕ್ಕೆ ಒರಗಿ ಕೂತು ಸಂಜೆವರೆಗೆ ಏಳಲಿಲ್ಲ. ಒಡೆಸಲು ಹೊರಟಿದ್ದ ಕಂಬ ಅದು ಎಂದು ತಾವೇ ತಮ್ಮ ಮಗಳಿಗೆ ಹೇಳಿದರು.

ಅಜ್ಜಿಯ ಪ್ರಶ್ನೆಗೆ ಮಾತ್ರ ಉತ್ತರ ಬಾಕಿ ಇತ್ತು. ನಾಳೆ ಸೋರಿದರೆ ಯಾರನ್ನು ಕೇಳುವುದು? ಅನುದಾನ ಬರುವುದು ಒಂದು ಸಲ. ಎದ್ದು ನಿಂತ ಗುಡಿಯ ಮಾಳಿಗೆಯ ಮೇಲೆ ಅರಳಿ ಬೀಜ ಪ್ರತಿ ವರ್ಷ ಬೀಳುತ್ತದೆ. ಅದಕ್ಕೆ ಹಾಲಿನ ನಾಲ್ಕಾಣೆಯನ್ನು ಅಲ್ಲಿಗೇ ನಿಲ್ಲಿಸದೆ ಇನ್ನಷ್ಟು ಕಾಲ ಮುಂದುವರಿಸಿ, ಆ ಗಂಟನ್ನು ಠೇವಣಿ ಇಟ್ಟೆವು. ಅದರ ಬಡ್ಡಿ ಬೇರೆ ಯಾವುದಕ್ಕೂ ಅಲ್ಲ, ಉತ್ಸವಕ್ಕೂ ಅಲ್ಲ, ಮೈಕಿಗೂ ಅಲ್ಲ. ಮುಂಗಾರಿಗೆ ಮುಂಚೆ ಮಾಳಿಗೆಯ ಗಿಡ ಕೀಳಲು, ಸಂದಿಗೆ ಸುಣ್ಣದ ಗಾರೆ ತುಂಬಲು, ಚರಂಡಿ ಬಿಡಿಸಲು. ಕೆರೆ ಕೆಳಗಿನ ಗದ್ದೆ ಮಾಡುತ್ತಿದ್ದ ಕೆಲಸವನ್ನು ಈಗ ಬ್ಯಾಂಕಿನ ಒಂದು ಖಾತೆ ಮಾಡುತ್ತಿದೆ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊ ಪಟ್ಟಿ ಸೇರಿದಾಗ ನಮ್ಮೂರಲ್ಲೂ ಸಿಹಿ ಹಂಚಿದರು, ನನಗೂ ಹೆಮ್ಮೆಯಾಯಿತು. ಆದರೆ ಹೊಯ್ಸಳರ ಕೆಲಸ ಆ ಮೂರು ಊರುಗಳಲ್ಲೇ ಮುಗಿಯುವುದಿಲ್ಲ. ಪಟ್ಟಿಗೆ ಸೇರದ ಗುಡಿ, ಬಸದಿ, ವೀರಗಲ್ಲು, ಕಲ್ಯಾಣಿ ನಿಮ್ಮೂರಲ್ಲೂ ಇದ್ದರೆ ಅರ್ಜಿ ಹಾಕಿ, ಇಲಾಖೆಯನ್ನು ಕೇಳಿ, ಟ್ರಸ್ಟುಗಳನ್ನು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ, ಅದು ನಮ್ಮದೇ ತೆರಿಗೆ, ನಮ್ಮದೇ ಕಾಣಿಕೆ. ಆದರೆ ಅರ್ಜಿ ಬರೆಯುವ ಮುಂಚೆ ಊರು ಸೇರಿಸಿ, ಎಲ್ಲ ಬೀದಿಯವರನ್ನೂ ಎಲ್ಲ ಕೇರಿಯವರನ್ನೂ ಕೂರಿಸಿ, ನಿಮ್ಮ ಇಪ್ಪತ್ತನ್ನು ಮೊದಲು ಕೂಡಿಸಿ. ಆ ಇಪ್ಪತ್ತರಲ್ಲಿ ಒಂದು ಪಾಲನ್ನು ಮುಂದಿನ ಮಳೆಗಾಲಗಳಿಗೆ ಎಂದು ತೆಗೆದಿಡಿ. ಹೊರಗಿನ ದುಡ್ಡು ಕಲ್ಲನ್ನು ಎತ್ತಿ ನಿಲ್ಲಿಸಬಲ್ಲದು. ನಿಂತ ಕಲ್ಲನ್ನು ಕಾಯುವವರು ಅದರ ಪಕ್ಕದಲ್ಲೇ ಇರಬೇಕು.