ಹಾಜರಿಪಟ್ಟಿಯಲ್ಲಿಲ್ಲದ ವಿದ್ಯಾರ್ಥಿಗಳು

ಪಾಠ ನಡೆಯುತ್ತಿದ್ದ ಸ್ಥಳಕ್ಕೆ ಮೃಗವೊಂದು ನುಗ್ಗಿದ ಕತೆಗಳಲ್ಲಿ ಕನ್ನಡನಾಡಿಗೆ ಅತ್ಯಂತ ಪರಿಚಿತವಾದುದು ಮೂಡಿಗೆರೆ ತಾಲ್ಲೂಕಿನದೇ. ಇಂದು ಅಂಗಡಿ ಎನಿಸಿಕೊಂಡಿರುವ ಸೊಸೆವೂರಿನ ವಾಸಂತಿಕಾ ದೇವಿಯ ಗುಡಿಯಲ್ಲಿ ಸುದತ್ತಮುನಿಗಳು ಸಳನೆಂಬ ಶಿಷ್ಯನಿಗೆ ಉಪದೇಶ ಮಾಡುತ್ತಿದ್ದಾಗ ಹುಲಿಯೊಂದು ಮೇಲೆರಗಿ ಬಂದಿತಂತೆ, ಗುರುಗಳು ‘ಹೊಯ್ ಸಳ’ ಎಂದರಂತೆ, ಶಿಷ್ಯನು ಹೊಯ್ದನಂತೆ. ಐತಿಹ್ಯದ ಸತ್ಯಾಸತ್ಯತೆಯನ್ನು ಚರಿತ್ರಕಾರರಿಗೆ ಬಿಡಬಹುದು. ಹೊಯ್ಸಳರು ಮಾತ್ರ ಆ ಮೃಗವನ್ನು ಮರೆಯದೆ ತಮ್ಮ ಲಾಂಛನವನ್ನಾಗಿ ಮಾಡಿಕೊಂಡು ಬೇಲೂರಿನ ಬಾಗಿಲಲ್ಲಿ ಕಲ್ಲಾಗಿ ನಿಲ್ಲಿಸಿದರು. ಅದಾದ ಮೇಲೆ ಈ ತಾಲ್ಲೂಕಿನ ಶಾಲೆಗಳಿಗೆ ಬಂದ ಪ್ರಾಣಿಗಳೆಲ್ಲ ಬಹುಮಟ್ಟಿಗೆ ಸೌಮ್ಯ ಸ್ವಭಾವದವು.

ಹೇಮಾವತಿ ಹುಟ್ಟುವ ಜಾವಳಿಯ ಸುತ್ತಿನ ಸೀಮೆಯಲ್ಲಿ ಪ್ರಾಣಿಯನ್ನು ಶಾಲೆಗೆ ತರಬೇಕೆ ಬೇಡವೆ ಎಂಬ ಪ್ರಶ್ನೆಯೇ ಮೊದಲ ನೋಟಕ್ಕೆ ವಿನೋದವಾಗಿ ಕಾಣುತ್ತದೆ. ಅಲ್ಲಿ ಶಾಲೆಯೇ ಪ್ರಾಣಿಗಳ ನಡುವೆ ಹೋಗಿ ಕುಳಿತಿದೆ. ಮಳೆಗಾಲದಲ್ಲಿ ಇಂಬಳವು ಯಾರ ಅಪ್ಪಣೆಯನ್ನೂ ಕೇಳದೆ ಹುಡುಗರ ಕಾಲನ್ನೇರಿ ತರಗತಿಯನ್ನು ಸೇರುತ್ತದೆ. ಕೊಡೆಗಳನ್ನು ಒರಗಿಸಿಟ್ಟ ಮೂಲೆಯಲ್ಲಿ ಕಪ್ಪೆ ಕುಳಿತಿರುತ್ತದೆ. ಹಂಚಿನ ಸಂದಿನಲ್ಲಿ ಹಲ್ಲಿಯದು ಖಾಯಂ ವಾಸ. ಇನ್ನು ನಾಯಿಯ ಮಾತು ಬೇರೆ: ಅದು ತನ್ನ ಮನೆಯ ಹುಡುಗನನ್ನು ತೋಟದ ದಾರಿಯುದ್ದಕ್ಕೂ ಹಿಂಬಾಲಿಸಿ ಬಂದು, ಪ್ರಾರ್ಥನೆಯ ಹೊತ್ತಿಗೆ ಸಾಲಿನ ಕೊನೆಯಲ್ಲಿ ನಿಂತು, ಆಮೇಲೆ ಜಗುಲಿಯಲ್ಲಿ ಮಲಗುತ್ತದೆ. ಅಕ್ಷರ ದಾಸೋಹವು 2002ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಮೊದಲಾಗಿ ಮರುವರ್ಷ ರಾಜ್ಯಕ್ಕೆಲ್ಲ ಹಬ್ಬಿದ ಮೇಲಂತೂ ಇಂತಹ ನಾಯಿಗಳ ಹಾಜರಿ ಹುಡುಗರ ಹಾಜರಿಗಿಂತ ಕ್ರಮಬದ್ಧವಾಯಿತು. 2013ರಲ್ಲಿ ಕ್ಷೀರಭಾಗ್ಯ ಬಂದಾಗ ಬೆಕ್ಕುಗಳಿಗೂ ವಿದ್ಯೆಯಲ್ಲಿ ಆಸಕ್ತಿ ಹುಟ್ಟಿರಬೇಕು.

ಆದರೆ ತಾನಾಗಿ ಬಂದುಹೋಗುವ ಪ್ರಾಣಿ ಒಂದು. ತರಗತಿಯ ಮೂಲೆಯಲ್ಲಿ ಪಂಜರವನ್ನೋ ಗಾಜಿನ ತೊಟ್ಟಿಯನ್ನೋ ಇಟ್ಟು ಸಾಕುವ ಪ್ರಾಣಿ ಇನ್ನೊಂದು. ಅಮೆರಿಕ, ಇಂಗ್ಲೆಂಡುಗಳ ಎಷ್ಟೋ ಶಾಲೆಗಳಲ್ಲಿ ಗಿನಿಯಿಲಿ, ಮೊಲ, ಮೀನುಗಳನ್ನು ಹೀಗೆ ಇಟ್ಟುಕೊಳ್ಳುವ ರೂಢಿಯಿದೆ. ನಮ್ಮ ಪಟ್ಟಣಗಳ ಶಾಲೆಗಳಿಗೂ ಆ ಹಂಬಲ ಬರುತ್ತಿದೆ. ಮಕ್ಕಳಿಗೆ ಹೊಣೆಗಾರಿಕೆ ಬರುತ್ತದೆ, ಮನಸ್ಸು ಮೃದುವಾಗುತ್ತದೆ, ಶಾಲೆಯ ಮೇಲೆ ಪ್ರೀತಿ ಹುಟ್ಟುತ್ತದೆ ಎಂದು ಅದರ ಪರವಾಗಿ ಹೇಳುತ್ತಾರೆ. ಇದನ್ನು ತಳ್ಳಿಹಾಕುವಂತಿಲ್ಲ. ಕಾಫಿ ತೋಟಗಳ ಲೈನ್ ಮನೆಗಳಿಗೆ ಈಚಿನ ವರ್ಷಗಳಲ್ಲಿ ಅಸ್ಸಾಮಿನಷ್ಟು ದೂರದಿಂದಲೂ ಕೂಲಿಯ ಸಂಸಾರಗಳು ಬರುತ್ತಿವೆ. ಆ ಮನೆಯ ಮಗು ವರ್ಷದ ನಡುವೆ ಒಂದು ದಿನ ತಂದೆಯ ಕೈ ಹಿಡಿದು ಶಾಲೆಯ ಬಾಗಿಲಲ್ಲಿ ನಿಲ್ಲುತ್ತದೆ. ಕನ್ನಡದ ಒಂದು ಮಾತೂ ತಿಳಿಯದು. ಉಪಾಧ್ಯಾಯಿನಿ ಹೆಸರು ಕೇಳಿದರೆ ತಲೆ ತಗ್ಗಿಸುತ್ತದೆ. ಉಳಿದ ಮಕ್ಕಳು ಸುತ್ತ ನಿಂತು ನೋಡಿದರೆ ಅಳುತ್ತದೆ. ಅಂತಹ ಮಗು ಮೊದಲು ಬಾಯಿ ಬಿಡುವುದು ಜಗುಲಿಯ ನಾಯಿಯ ಹತ್ತಿರ. ನಾಯಿಗೆ ಅದರ ಭಾಷೆಯೂ ಒಂದೇ, ಇದರ ಭಾಷೆಯೂ ಒಂದೇ. ಯಾವ ತರಬೇತಿ ಪಡೆದ ಗುರುವೂ ಮೊದಲ ವಾರದಲ್ಲಿ ಮಾಡಲಾರದ ಕೆಲಸವನ್ನು ಆ ಬಡ ನಾಯಿ ಬಾಲವಲ್ಲಾಡಿಸಿ ಮಾಡಿಬಿಡುತ್ತದೆ.

ಹೀಗೆಂದು ನಾಯಿಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಪಾಶ್ಚರ್ ಮಹಾಶಯನು ತನ್ನ ಹುಚ್ಚುನಾಯಿ ಲಸಿಕೆಯನ್ನು 1885ರ ಜುಲೈಯಲ್ಲಿ ಕೊಟ್ಟ ಜೋಸೆಫ್ ಮೈಸ್ಟರ್ ಒಂಬತ್ತು ವರ್ಷದ ಬಾಲಕ. ಹುಚ್ಚುನಾಯಿಯೆಂದು ಶಂಕೆಯುಳ್ಳ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವವರಲ್ಲಿ ನೂರಕ್ಕೆ 40 ಮಂದಿ ಹದಿನೈದು ವರ್ಷದೊಳಗಿನ ಮಕ್ಕಳೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹೇಳುತ್ತದೆ. ಮಕ್ಕಳು ಬೈಗುಳಕ್ಕೆ ಹೆದರಿ ಗಾಯವನ್ನು ಮುಚ್ಚಿಡುವುದು ಇನ್ನೂ ದೊಡ್ಡ ಅಪಾಯ. ಕಚ್ಚಿದ ಜಾಗವನ್ನು ಸೋಪು ಹಾಕಿ ಹದಿನೈದು ನಿಮಿಷ ತೊಳೆಯಬೇಕು, ಅಂದೇ ಆಸ್ಪತ್ರೆಗೆ ಹೋಗಬೇಕು ಎಂಬುದನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸಿದರೂ ತಪ್ಪಿಲ್ಲ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣದಿಂದ ಬೀದಿನಾಯಿಗಳನ್ನು ತೆಗೆದು ಆಶ್ರಯಸ್ಥಾನಗಳಿಗೆ ಸಾಗಿಸಬೇಕೆಂದು ಅಪ್ಪಣೆ ಮಾಡಿತು. ಬೀದಿನಾಯಿ ಯಾವುದು, ಹುಡುಗನ ಹಿಂದೆ ಬಂದ ಮನೆನಾಯಿ ಯಾವುದು ಎಂಬುದನ್ನು ದೆಹಲಿಯಿಂದ ಗುರುತಿಸುವುದು ಕಷ್ಟ. ಜಗುಲಿಯಲ್ಲಿ ನಿಂತ ಮುಖ್ಯೋಪಾಧ್ಯಾಯರಿಗೇ ಕಷ್ಟ. ಲಸಿಕೆ ಹಾಕಿಸಿದ ಚೀಟಿಯಿದೆಯೆ ಎಂದು ನಾಯಿಯ ಒಡೆಯನನ್ನು ಕೇಳುವುದು ಮಾತ್ರ ಯಾರಿಂದಲೂ ಆಗುವ ಕೆಲಸ.

ಮಲೆನಾಡಿಗೆ ತನ್ನದೇ ಆದ ಇನ್ನೊಂದು ಭಯವೂ ಉಂಟು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಬೆಳಕಿಗೆ ಬಂದ ಮಂಗನ ಕಾಯಿಲೆ ಚಿಕ್ಕಮಗಳೂರು ಜಿಲ್ಲೆಯನ್ನೂ ಬಿಟ್ಟಿಲ್ಲ. ಅದನ್ನು ಹರಡುವುದು ಉಣುಗು. ತೋಟದಲ್ಲಿ ಅನಾಥವಾಗಿ ಸಿಕ್ಕಿತೆಂದು ಹುಡುಗರು ಮಂಗನ ಮರಿಯನ್ನೋ ಕಾಡಿನ ಅಳಿಲನ್ನೋ ಅಂಗಿಯೊಳಗೆ ಬಚ್ಚಿಟ್ಟು ತರಗತಿಗೆ ತಂದರೆ, ಕರುಣೆಯ ಜೊತೆಗೆ ಉಣುಗನ್ನೂ ತಂದಿರುತ್ತಾರೆ. ಅಪಾಯವೆಂಬುದು ಕಾಡುಪ್ರಾಣಿಗೇ ಮೀಸಲಲ್ಲ. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಆಮೆಗಳಿಂದ ಮಕ್ಕಳಿಗೆ ಹೊಟ್ಟೆಯ ಬೇನೆ ಹರಡುತ್ತದೆಂದು ಕಂಡು ಅಮೆರಿಕದ ಸರಕಾರ 1975ರಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನೇ ನಿಷೇಧಿಸಬೇಕಾಯಿತು.

ಇದುವರೆಗೆ ಆಡಿದ್ದೆಲ್ಲ ಮನುಷ್ಯನ ಮಗುವಿನ ಯೋಗಕ್ಷೇಮ. ಪಂಜರದೊಳಗಿನ ಜೀವದ ಯೋಗಕ್ಷೇಮವನ್ನು ಕೇಳುವವರು ಕಡಿಮೆ. ಸಂಜೆ ನಾಲ್ಕಕ್ಕೋ ನಾಲ್ಕೂವರೆಗೋ ಗಂಟೆ ಬಾರಿಸುತ್ತದೆ. ಕೊಠಡಿಗೆ ಬೀಗ ಬೀಳುತ್ತದೆ. ಆಮೇಲಿನ ಹದಿನೇಳು ಹದಿನೆಂಟು ಗಂಟೆಗಳ ಕಾಲ ಕತ್ತಲೆ, ಚಳಿ, ಹಂಚಿನ ಮೇಲೆ ಮಳೆಯ ಸದ್ದು. ಶನಿವಾರ ಅರ್ಧ ದಿನ, ಭಾನುವಾರ ಪೂರ್ತಿ. ದಸರೆಯ ರಜೆ, ಬೇಸಿಗೆಯ ರಜೆ. ಇವೆಲ್ಲ ಪಂಚಾಂಗದಲ್ಲಿ ಮೊದಲೇ ತಿಳಿಯುವ ರಜೆಗಳು. ಮಲೆನಾಡಿನ ಮಳೆರಜೆಗೆ ಪಂಚಾಂಗವಿಲ್ಲ. 2019ರ ಆಗಸ್ಟಿನಲ್ಲಿ ಇದೇ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜರಿದು ಮನೆ ತೋಟಗಳು ಕೊಚ್ಚಿಹೋದವು. ಮನುಷ್ಯರೇ ಉಟ್ಟ ಬಟ್ಟೆಯಲ್ಲಿ ಹೊರಬಿದ್ದರು. ಮರುವರ್ಷದ ಮಾರ್ಚಿಯಲ್ಲಿ ಕೊರೋನಾ ಬಂದು ನಾಡಿನ ಶಾಲೆಗಳೆಲ್ಲ ಮುಚ್ಚಿದಾಗ, ಮತ್ತೆ ಯಾವಾಗ ತೆರೆದಾವೆಂದು ಹೇಳುವವರಿರಲಿಲ್ಲ. ಅಂತಹ ದಿನ ಬೀಗ ಹಾಕಿದ ಕೊಠಡಿಯಲ್ಲಿ ಒಂದು ಮೊಲವಿದ್ದರೆ ಕೀಲಿಕೈ ಯಾರ ಹತ್ತಿರವಿದೆ, ದಾರಿ ತೆರೆದಿದೆಯೆ, ಹುಲ್ಲು ತರುವವರಾರು? ಜಗುಲಿಯ ನಾಯಿಗೆ ಈ ಕಷ್ಟವಿಲ್ಲ. ಶಾಲೆ ಮುಚ್ಚಿದರೆ ಅದು ತನ್ನ ಮನೆಗೆ ಹೋಗುತ್ತದೆ.

ಕಾನೂನು ಈ ಬಗ್ಗೆ ಸುಮ್ಮನಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಪ್ರಾಣಿಯು ತಕ್ಕಷ್ಟು ಓಡಾಡಲು ಎಡೆಯಿಲ್ಲದ ಪಂಜರದಲ್ಲಿ ಅದನ್ನಿಡುವುದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನಮ್ಮ ನಾಡಿನ ಗಿಳಿಯನ್ನು ಸಾಕುವುದೂ ತಪ್ಪು. ಗಿಳಿಗೂ ಶಾಲೆಗೂ ಹಳೆಯ ನಂಟು. ಉರು ಹೊಡೆಯುವ ಹುಡುಗನನ್ನು ಗಿಳಿಪಾಠದವನೆಂದು ಹಳಿಯುವುದು ಇಂದಿಗೂ ಉಂಟು. ರವೀಂದ್ರನಾಥ ಠಾಕೂರರು 1918ರಷ್ಟು ಹಿಂದೆಯೇ ಗಿಳಿಗೆ ವಿದ್ಯೆ ಕಲಿಸಹೊರಟ ರಾಜನ ಕತೆ ಬರೆದರು. ಅಲ್ಲಿ ಪಂಜರ ಚಿನ್ನದ್ದಾಗುತ್ತದೆ, ಪಂಡಿತರು ಸಿರಿವಂತರಾಗುತ್ತಾರೆ, ಗಿಳಿ ಸಾಯುತ್ತದೆ.

ಸಾವಿನ ಮಾತು ಬಂದಿತು. ತರಗತಿಯ ಪ್ರಾಣಿಯ ವಿಷಯದಲ್ಲಿ ದೊಡ್ಡವರು ಅತ್ಯಂತ ಹೆದರುವುದು ಇದಕ್ಕೆ. ಸೋಮವಾರ ಬೆಳಿಗ್ಗೆ ಬಾಗಿಲು ತೆರೆದಾಗ ತೊಟ್ಟಿಯ ಮೀನು ಹೊಟ್ಟೆ ಮೇಲಾಗಿ ತೇಲುತ್ತಿರುತ್ತದೆ. ಮಕ್ಕಳು ಬರುವ ಮೊದಲೇ ಅದನ್ನು ತೆಗೆದೆಸೆದು, ಅದೇ ಬಣ್ಣದ ಇನ್ನೊಂದನ್ನು ತಂದು ಬಿಡುವ ಜಾಣತನ ಕೆಲವರಿಗೆ ಹೊಳೆಯುತ್ತದೆ. ಒಳ್ಳೆಯ ಉದ್ದೇಶದ ಜಾಣತನವೇ, ಆದರೂ ಕೆಟ್ಟದ್ದು. ಮಲೆನಾಡಿನ ಮಗುವಿಗೆ ಸಾವು ಹೊಸದಲ್ಲ. ಕೊಟ್ಟಿಗೆಯ ಕರು ಸತ್ತದ್ದನ್ನು ಅದು ಕಂಡಿದೆ. ಸಾಕಿದ ನಾಯಿಯನ್ನು ಚಿರತೆ ಹೊತ್ತುಕೊಂಡು ಹೋದ ಮರುದಿನ ಬರಿದಾದ ಸರಪಳಿಯನ್ನು ಕಂಡಿರಲೂಬಹುದು. ಸತ್ತಿತೆಂಬ ಮಾತನ್ನು ಆ ಮಗು ತಾಳಿಕೊಳ್ಳುತ್ತದೆ, ಅತ್ತು ಹಗುರಾಗುತ್ತದೆ, ಕೆಸುವಿನೆಲೆಯಲ್ಲಿ ಮೀನನ್ನು ಸುತ್ತಿ ಹೂಳಲು ಮುಂದಾಗುತ್ತದೆ. ಅದು ಕೇಳುವ ಪ್ರಶ್ನೆಯೇ ಕಠಿಣ: “ಯಾಕೆ ಸತ್ತಿತು, ಟೀಚರ್?” ವಯಸ್ಸಾಗಿ ಸತ್ತಿದ್ದರೆ ಉತ್ತರ ಸುಲಭ. ನೀರು ಬದಲಿಸುವ ಸರದಿ ಯಾರದೆಂದು ಯಾರೂ ನೆನಪಿಡದೆ ಸತ್ತಿದ್ದರೆ? ಹೊಣೆಗಾರಿಕೆ ಕಲಿಸಲೆಂದು ತಂದ ಪ್ರಾಣಿ ದೊಡ್ಡವರ ಹೊಣೆಗೇಡಿತನದಿಂದ ಸತ್ತಿತೆಂಬುದನ್ನು ಎಂಟು ವರ್ಷದ ಮಗು ಯಾರೂ ಹೇಳದೆ ಅರ್ಥಮಾಡಿಕೊಳ್ಳುತ್ತದೆ. ಸರದಿಯ ಪಟ್ಟಿಯಲ್ಲಿ ಅದರದೇ ಹೆಸರಿದ್ದರೆ, ಆ ತಪ್ಪನ್ನು ಅದೊಂದೇ ಹೊತ್ತುಕೊಂಡು ಮನೆಗೆ ಹೋಗುತ್ತದೆ. ಪ್ರಾಣಿಯ ಪಾಲನೆ ಮಕ್ಕಳ ಕೈಯಿಂದ ನಡೆಯಬಹುದು. ಅದರ ಪ್ರಾಣದ ಹೊಣೆ ಮಕ್ಕಳ ತಲೆಯ ಮೇಲಿರಕೂಡದು. ರಜೆಯಲ್ಲಿ ಬಂದು ಬೀಗ ತೆಗೆಯುವೆನೆಂದು ಒಪ್ಪಿದ ಒಬ್ಬ ದೊಡ್ಡ ಮನುಷ್ಯನಿಲ್ಲದ ಶಾಲೆ ಪಂಜರವನ್ನು ಕೊಳ್ಳದಿರುವುದೇ ಲೇಸು. ಇಬ್ಬರೇ ಉಪಾಧ್ಯಾಯರಿರುವ ಹಳ್ಳಿಯ ಶಾಲೆಗಳಲ್ಲಿ, ಬಿಸಿಯೂಟದ ಲೆಕ್ಕ, ಗಣತಿ, ಸಭೆಗಳ ನಡುವೆ, ಅಂತಹ ಮನುಷ್ಯ ಎಲ್ಲಿಂದ ಸಿಕ್ಕಾನು?

ಹಾಗೆಂದು ಕೊಠಡಿಯ ಬಾಗಿಲನ್ನು ಎಲ್ಲ ಜೀವಕ್ಕೂ ಮುಚ್ಚಬೇಕಾಗಿಲ್ಲ. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’ ಕಾದಂಬರಿಯಲ್ಲಿ ಕಾಡೆಲ್ಲ ಸುತ್ತಿ ಅರಸಿದ ಹಾರುವ ಓತಿ ಕಡೆಗೆ ಕೈಗೆ ಸಿಕ್ಕದೆ ಕಣಿವೆಯ ಆಚೆಗೆ ತೇಲಿಹೋಗುತ್ತದೆ. ಅದನ್ನು ಓದಿದ ಯಾರಿಗೂ ಓತಿ ತಪ್ಪಿಹೋಯಿತೆಂಬ ಬೇಸರ ಉಳಿಯುವುದಿಲ್ಲ. ನೋಡಿ ಬಿಡುವುದರಲ್ಲಿಯೂ ಒಂದು ತೃಪ್ತಿಯಿದೆ. ಮಗುವಿಗೆ ಅದನ್ನು ಕಾಣಿಸುವ ಅತಿಥಿಗಳು ಜಾವಳಿಯಂತಹ ಊರಿನಲ್ಲಿ ಬೇಕಾದಷ್ಟು ಸಿಗುತ್ತಾರೆ.

ಶಾಲೆಯ ಹಿತ್ತಲಿನ ಕರಿಬೇವಿನ ಗಿಡವನ್ನೇ ತೆಗೆದುಕೊಳ್ಳಿ. ಅದರ ಎಲೆಯ ಮೇಲೆ ಕಪ್ಪು ಚಿಟ್ಟೆಯೊಂದು ಸಾಸಿವೆಗಿಂತ ತುಸು ಚಿಕ್ಕದಾದ ಮೊಟ್ಟೆಯನ್ನಿಟ್ಟು ಹೋಗುತ್ತದೆ. ನಾಲ್ಕಾರು ದಿನಗಳಲ್ಲಿ ಹೊರಬರುವ ಹುಳು ನೋಡಲು ಥೇಟು ಹಕ್ಕಿಯ ಹಿಕ್ಕೆ. ಹಕ್ಕಿ ಮೋಸಹೋಗಲೆಂದೇ ಆ ವೇಷ. ಬೆಳೆದಂತೆ ಹಸುರಾಗುತ್ತದೆ. ಕೆಣಕಿದರೆ ತಲೆಯಿಂದ ಕೆಂಪು ಕವಲು ಕೋಡನ್ನು ಚಾಚಿ ವಾಸನೆ ಬಿಡುತ್ತದೆ. ಹಿಂದಿನ ಬೆಂಚಿನ ಹುಡುಗರಿಗೆ ಇದಕ್ಕಿಂತ ಹೆಚ್ಚಿನ ಸಂತೋಷವಿಲ್ಲ. ಒಂದು ಕೊಂಬೆಯನ್ನು ನೀರಿನ ಸೀಸೆಯಲ್ಲಿಟ್ಟು, ದಿನಕ್ಕೊಮ್ಮೆ ಹೊಸ ಎಲೆ ಕೊಟ್ಟರೆ ಅದರ ಸಂಸಾರ ಸಾಗುತ್ತದೆ. ಮಳೆರಜೆ ಬರುವ ಸೂಚನೆ ಕಂಡರೆ ಕೊಂಬೆಯ ಸಮೇತ ಒಯ್ದು ಗಿಡಕ್ಕೆ ಕಟ್ಟಿಬಿಟ್ಟರೆ ಮುಗಿಯಿತು, ಕೀಲಿಕೈಯ ಚಿಂತೆಯಿಲ್ಲ. ಬಯಲುಸೀಮೆಯ ರಾಮನಗರ, ಶಿಡ್ಲಘಟ್ಟಗಳ ಮಕ್ಕಳು ರೇಷ್ಮೆಹುಳುವಿನಲ್ಲಿ ಇದನ್ನೆಲ್ಲ ಮನೆಯಲ್ಲಿಯೇ ಕಾಣುತ್ತಾರೆ, ನಾಲ್ಕು ಜ್ವರ ಕಳೆದು ಹಣ್ಣಾದ ಹುಳು ಚಂದ್ರಿಕೆ ಏರುವುದನ್ನೂ ಬಲ್ಲರು. ಅಲ್ಲಿ ಗೂಡು ಬಿಸಿನೀರಿಗೆ ಹೋಗುತ್ತದೆ. ಇಲ್ಲಿ ಗೂಡು ಒಡೆಯುವುದನ್ನು ಕಾಯಬಹುದು.

ಮೊಟ್ಟೆಯಿಂದ ರೆಕ್ಕೆಯವರೆಗೆ ಸುಮಾರು ಒಂದು ತಿಂಗಳು. ಒಡೆದು ಬಂದ ಚಿಟ್ಟೆಯ ರೆಕ್ಕೆ ಮೊದಲಿಗೆ ಒದ್ದೆ ಬಟ್ಟೆಯಂತೆ ಮುದುಡಿರುತ್ತದೆ. ಮುಟ್ಟಬಾರದು, ಅದು ತಾನಾಗಿ ಬಿಡಿಸಿಕೊಂಡು ಒಣಗಲು ಒಂದೆರಡು ಗಂಟೆ ಬೇಕು. ಅಂದು ಕಿಟಕಿ ತೆರೆದಿರಲಿ. ಅದು ಹಾರುವ ಹೊತ್ತಿಗೇ ಊಟದ ಗಂಟೆ ಬಾರಿಸಿದರೆ, ಸಾರು ಸ್ವಲ್ಪ ಆರಿದರೂ ಮಕ್ಕಳು ದೂರುವುದಿಲ್ಲ.